ಟಿಪ್ಪುವಿನ ಹುಲಿ ಗರ್ಜಿಸಬೇಕೇ, ಮೌನವಾಗಿರಬೇಕೇ? ಯಾಂತ್ರಿಕ ವಾದ್ಯಗಳ ಸಂರಕ್ಷಣೆಯ ಕುರಿತು ಒಂದು ಚರ್ಚೆ

ಉರುಳೆಪೆಟ್ಟಿಗೆ:
ಹಳೆಯ ಯಾಂತ್ರಿಕ ವಾದ್ಯಗಳನ್ನು ಕಾಪಾಡುವ ಬಗೆ ಹೇಗೆ ಎಂಬ ಪ್ರಶ್ನೆ ಈ ವೇದಿಕೆಯಲ್ಲಿ ಆಗಾಗ ಬಂದು, ಆಗಾಗ ಅರ್ಧಕ್ಕೇ ನಿಂತುಹೋಗುತ್ತದೆ. ಎಲ್ಲರಿಗೂ ಪರಿಚಿತವಾದ ಒಂದೇ ವಸ್ತುವನ್ನು ಎದುರಿಗಿಟ್ಟುಕೊಂಡು ಈ ಸಲ ಮಾತನಾಡೋಣ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಟಿಪ್ಪುವಿನ ಹುಲಿ 1799ರಲ್ಲಿ ಶ್ರೀರಂಗಪಟ್ಟಣದ ಅರಮನೆಯ ವಾದ್ಯಗಳ ಕೋಣೆಯಿಂದ ಹೋದದ್ದು. ಅದು ಬರಿಯ ಮರದ ಬೊಂಬೆಯಲ್ಲ. ಹಿಡಿ ತಿರುಗಿಸಿದರೆ ಕೆಳಗೆ ಬಿದ್ದಿರುವ ಐರೋಪ್ಯನ ಎಡಗೈ ಏರಿಳಿಯುತ್ತದೆ, ಅವನ ಗಂಟಲಿನ ಕೊಳವೆಯಿಂದ ನರಳಾಟ ಹೊರಡುತ್ತದೆ, ಹುಲಿಯ ತಲೆಯೊಳಗಿನ ಮತ್ತೊಂದು ಕೊಳವೆ ಗುರುಗುಟ್ಟುತ್ತದೆ. ಹುಲಿಯ ಪಕ್ಕೆಯಲ್ಲಿರುವ ಮುಚ್ಚಳವನ್ನು ತೆರೆದರೆ ಬೆರಳಿನಿಂದ ಒತ್ತುವ ದಂತದ ಮನೆಗಳುಳ್ಳ ಒಂದು ಚಿಕ್ಕ ಆರ್ಗನ್, ಅಂದರೆ ತಿದಿಯ ಗಾಳಿಯಿಂದ ನುಡಿಯುವ ಕೊಳವೆಗಳ ವಾದ್ಯ, ಕಾಣಿಸುತ್ತದೆ. ಈಗ ಅದು ಗಾಜಿನ ಪೆಟ್ಟಿಗೆಯೊಳಗಿದ್ದು, ನೋಡಲು ಹೋದವರು ಹಿಡಿಯನ್ನು ಮುಟ್ಟುವಂತಿಲ್ಲ.

ನನ್ನ ಪ್ರಶ್ನೆ ಇಷ್ಟೇ. ನುಡಿಯಲೆಂದು ಮಾಡಿದ ವಸ್ತು ನುಡಿಯದೆ ಇದ್ದರೆ ಅದು ಉಳಿದಂತಾಯಿತೇ? ಅಥವಾ ನುಡಿಸಿ ನುಡಿಸಿ ಸವೆಸಿದರೆ ಕಳೆದುಕೊಂಡಂತಾಗುವುದೇ? ಅದನ್ನು 1799ರ ಸ್ಥಿತಿಗೆ ಮರಳಿಸಬೇಕು ಎನ್ನುವವರೂ ನಮ್ಮಲ್ಲಿದ್ದಾರೆಂದು ಬಲ್ಲೆ, ಅವರೂ ಬರಲಿ.

ತಿದಿಮಾಸ್ತರ:
ನುಡಿಸಬೇಕು. ಇದರಲ್ಲಿ ಎರಡು ಮಾತಿಲ್ಲ.

ನಾನು ಹಾರ್ಮೋನಿಯಂ ರಿಪೇರಿ ಮಾಡುವವನು. ವರ್ಷಗಟ್ಟಲೆ ಅಟ್ಟದ ಮೇಲೆ ಮುಚ್ಚಿಟ್ಟ ಪೆಟ್ಟಿಗೆ ನನ್ನ ಬಳಿಗೆ ಬಂದಾಗ ಅದರ ತಿದಿಯ ಮಡಿಕೆಗಳು ಸೀಳಿರುತ್ತವೆ, ಚರ್ಮ ಹಪ್ಪಳದಂತಾಗಿರುತ್ತದೆ, ರೀಡುಗಳ ಮೇಲೆ ಕಿಲುಬು ಹತ್ತಿರುತ್ತದೆ. ಭಜನೆ ಮನೆಯಲ್ಲಿ ವಾರಕ್ಕೊಮ್ಮೆ ಬಾರಿಸುವ ಪೆಟ್ಟಿಗೆಗೆ ಇಂತಹ ಗತಿ ಬರುವುದು ಅಪರೂಪ. ಬಳಕೆಯೇ ವಾದ್ಯಕ್ಕೆ ಆರೋಗ್ಯ. ಹುಲಿಯ ಹೊಟ್ಟೆಯಲ್ಲಿರುವುದೂ ತಿದಿ ಮತ್ತು ಕೊಳವೆಗಳೇ ಆದ್ದರಿಂದ, ಅದಕ್ಕೆ ಬೇರೆ ನ್ಯಾಯವಿರಲು ಸಾಧ್ಯವಿಲ್ಲ.

ಪ್ರಯೋಗಶಾಲೆಯಿಂದ:
ತಿದಿಮಾಸ್ತರ ಅವರ ಅನುಭವವನ್ನು ಗೌರವಿಸುತ್ತಲೇ ನಾನು ಅದನ್ನು ಒಪ್ಪುವುದಿಲ್ಲ. ಅಟ್ಟದ ಮೇಲಿನ ಪೆಟ್ಟಿಗೆ ಕೆಡುವುದು ಬಾರಿಸದೆ ಇದ್ದುದರಿಂದ ಅಲ್ಲ. ಬೇಸಿಗೆಯ ಕಾವು ಮತ್ತು ಮಳೆಗಾಲದ ತೇವ ಅದನ್ನು ವರ್ಷವರ್ಷವೂ ಹಿಗ್ಗಿಸಿ ಕುಗ್ಗಿಸುವುದರಿಂದ, ಇಲಿ ಮತ್ತು ಹುಳುಗಳು ಅದರಲ್ಲಿ ಮನೆ ಮಾಡುವುದರಿಂದ. ತೇವಾಂಶವನ್ನು ಹತೋಟಿಯಲ್ಲಿಟ್ಟ ಕೋಣೆಯಲ್ಲಿ ಸುಮ್ಮನೆ ಕುಳಿತ ಚರ್ಮ ಬಹಳ ಕಾಲ ಬಾಳುತ್ತದೆ. ಅದೇ ಚರ್ಮವನ್ನು ಮಡಿಸಿ ಬಿಚ್ಚಿ ಮಾಡಿದರೆ ಪ್ರತಿ ಮಡಿಕೆಯಲ್ಲಿಯೂ ಅದರ ಎಳೆಗಳು ತುಂಡಾಗುತ್ತ ಹೋಗುತ್ತವೆ.

ಭಜನೆ ಮನೆಯ ಪೆಟ್ಟಿಗೆ ಹಾಳಾಗಿಲ್ಲವೆಂದು ನಿಮಗೆ ತೋರುವುದಕ್ಕೆ ಇನ್ನೊಂದು ಕಾರಣವಿದೆ. ಅದರ ತಿದಿಯನ್ನು ನೀವೇ ಹತ್ತಾರು ವರ್ಷಗಳಿಗೊಮ್ಮೆ ಬದಲಾಯಿಸಿರುತ್ತೀರಿ. ಅದು ಸರಿಯಾದ ಕೆಲಸವೇ, ಏಕೆಂದರೆ ಆ ವಾದ್ಯ ಹಾಡುವವರಿಗೆ ಸೇರಿದ್ದು. ಆದರೆ ಲೋಕದಲ್ಲಿ ಒಂದೇ ಒಂದು ಇರುವ ವಸ್ತುವಿನಿಂದ ಹಳೆಯ ಚರ್ಮವನ್ನು ಕಿತ್ತು ಹಾಕಿದರೆ, ಅದು ಯಾವ ಪ್ರಾಣಿಯದು, ಹೇಗೆ ಹದ ಮಾಡಿದ್ದು, ಯಾವ ಅಂಟಿನಿಂದ ಕೂಡಿಸಿದ್ದು ಎಂಬ ಮಾಹಿತಿಯೆಲ್ಲ ಕಸದ ಬುಟ್ಟಿಗೆ ಹೋಗುತ್ತದೆ. ಅಂತಾರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿಯ ವಾದ್ಯ ಸಮಿತಿಯು 1985ರಲ್ಲಿಯೇ ಸಾರ್ವಜನಿಕ ಸಂಗ್ರಹಗಳಲ್ಲಿರುವ ವಾದ್ಯಗಳನ್ನು ಯಾರು, ಹೇಗೆ ಮುಟ್ಟಬಹುದು ಎಂಬುದರ ಬಗ್ಗೆ ಶಿಫಾರಸುಗಳನ್ನು ಕೊಟ್ಟಿದೆ. ಇದು ಗಾಜಿನ ಪೆಟ್ಟಿಗೆಯ ಮೇಲಿನ ಮೋಹವಲ್ಲ. ಮುಂದಿನವರಿಗೂ ಏನಾದರೂ ಕಲಿಯಲು ಉಳಿಯಲಿ ಎಂಬ ಲೆಕ್ಕಾಚಾರ.

ಗಡಿಯಾರದಂಗಡಿ:
ಹಾಗಾದರೆ ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯದ ಸಂಗೀತ ಗಡಿಯಾರದ ಗತಿಯೇನು? ಆ ಗಡ್ಡದ ಬೊಂಬೆ ಗಂಟೆಗೊಮ್ಮೆ ಹೊರಗೆ ಬಂದು ಜಾಗಟೆ ಬಾರಿಸುವುದನ್ನು ನೋಡಲು ಜನ ಇಂದಿಗೂ ಕಾದು ನಿಲ್ಲುತ್ತಾರೆ.

ಪ್ರಯೋಗಶಾಲೆಯಿಂದ:
ಅದು ಕಲ್ಕತ್ತೆಯ ಕುಕ್ ಅಂಡ್ ಕೆಲ್ವಿ ಅಂಗಡಿಯವರು ಮಾರಿದ ಗಡಿಯಾರ. ಅಂತಹ ಯಂತ್ರದ ಹಲ್ಲುಚಕ್ರ ಸವೆದರೆ ಬಲ್ಲ ಗಡಿಯಾರದವರು ಹೊಸದನ್ನು ಕಡೆದು ಕೂಡಿಸಬಹುದು, ಆ ವಿದ್ಯೆ ಇನ್ನೂ ಬದುಕಿದೆ. ಹುಲಿಯ ಯಂತ್ರವನ್ನು ಮಾಡಿದ ಪರಂಪರೆಯೇ ಅಳಿದುಹೋಗಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಗಡಿಯಾರದಂಗಡಿ:
ಬಲ್ಲ ಗಡಿಯಾರದವರು ಎಷ್ಟು ಮಂದಿ ಉಳಿದಿದ್ದಾರೆ ಎಂಬುದನ್ನು ನಮ್ಮ ಬೀದಿಗೆ ಬಂದು ಎಣಿಸಿ. ವಿದ್ಯೆ ಬದುಕುವುದು ಕೆಲಸವಿದ್ದರೆ ಮಾತ್ರ. ಎಲ್ಲ ಯಂತ್ರಗಳನ್ನೂ ನಿಲ್ಲಿಸಿ ಗಾಜಿನೊಳಗೆ ಇಟ್ಟರೆ, ಚಾಲೂ ಯಂತ್ರವನ್ನು ಕೈಯಾರೆ ಅರಿತ ಕೊನೆಯವನೂ ಕಣ್ಣು ಮುಚ್ಚಿದ ಮೇಲೆ ನಿಮ್ಮ ದಾಖಲೆಗಳನ್ನು ಓದಿ ಅರ್ಥ ಮಾಡಿಕೊಳ್ಳುವವರು ಯಾರು?

ಥೇಮ್ಸ್ ತೀರದ ಕನ್ನಡಿಗ:
ಈ ಹುಲಿಯ ವಿಷಯದಲ್ಲಿ "ನುಡಿಸಿದರೆ ಏನಾಗುತ್ತದೆ" ಎಂಬ ಪ್ರಯೋಗ ಈಗಾಗಲೇ ಒಮ್ಮೆ ನಡೆದುಹೋಗಿದೆ. 1808ರಲ್ಲಿ ಲೆಡನ್‌ಹಾಲ್ ಬೀದಿಯ ಈಸ್ಟ್ ಇಂಡಿಯಾ ಹೌಸ್‌ನಲ್ಲಿ ಅದನ್ನು ಪ್ರದರ್ಶನಕ್ಕಿಟ್ಟಾಗ ಬಂದವರೆಲ್ಲ ಮನಸ್ಸಿಗೆ ಬಂದಂತೆ ಹಿಡಿಯನ್ನು ತಿರುಗಿಸುತ್ತಿದ್ದರು. ಅಲ್ಲಿಯೇ ಇದ್ದ ಗ್ರಂಥಾಲಯದಲ್ಲಿ ಓದಲು ಕುಳಿತವರಿಗೆ ಆ ಅರಚಾಟ ತಲೆಶೂಲೆಯಾಗಿತ್ತು. 1869ರಲ್ಲಿ 'ಅಥೀನಿಯಂ' ಎಂಬ ಪತ್ರಿಕೆ ಆ ಕಾಲವನ್ನು ನೆನೆಯುತ್ತ, ದೈವಕೃಪೆಯಿಂದ ಈಗ ಅದರ ಹಿಡಿ ಕಳೆದುಹೋಗಿದೆ, ಒಳಗಿನ ಅಂಗಗಳೂ ಕಟ್ಟಿಕೊಂಡಿವೆ, ಇನ್ನು ಮುಂದೆ ಅದು ಕಣ್ಣಿಗೆ ಕಂಡರೆ ಸಾಕು, ಕಿವಿಗೆ ಕೇಳದಿರಲಿ ಎಂಬರ್ಥದಲ್ಲಿ ಬರೆಯಿತು. ಅಂದರೆ ಹತ್ತಾರು ವರ್ಷಗಳ ಸಾರ್ವಜನಿಕ ಬಳಕೆಯ ಫಲವಾಗಿ ಹಿಡಿಯೂ ಇರಲಿಲ್ಲ, ದನಿಯೂ ಇರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಬಾಂಬಿನಿಂದ ಸಂಗ್ರಹಾಲಯದ ಚಾವಣಿ ಕುಸಿದು ಹುಲಿಯ ಮರದ ಕವಚ ನೂರಾರು ಚೂರುಗಳಾಯಿತು. ಅವುಗಳನ್ನು ಕೂಡಿಸಿ, ಒಳಗಿನಿಂದ ಆಧಾರ ಕೊಟ್ಟು, 1947ರ ಹೊತ್ತಿಗೆ ಮತ್ತೆ ಪ್ರದರ್ಶನಕ್ಕೆ ತಂದರು. ಹೊರಗಿನ ಬಣ್ಣದ ಬಹುಪಾಲು ಆಮೇಲೆ ಬಳಿದದ್ದೆಂದು ಸಂಗ್ರಹಾಲಯದ ಸಂರಕ್ಷಣಾ ವಿಭಾಗವೇ ಪರೀಕ್ಷಿಸಿ ಹೇಳಿದೆ. ಆರ್ಗನ್ನಿನ ಹಿತ್ತಾಳೆಯ ಕೊಳವೆಗಳಲ್ಲಿಯೂ ಅನೇಕವು ಮೂಲದವಲ್ಲ. ನುಡಿಸಬೇಕು ಎನ್ನುವವರು ಯಾವ ಹುಲಿಯನ್ನು ನುಡಿಸಬೇಕೆನ್ನುತ್ತಿದ್ದಾರೆ ಎಂಬುದನ್ನು ಮೊದಲು ತಿಳಿಸಲಿ.

ಕೋಟೆಬಾಗಿಲು:
ಇಷ್ಟೆಲ್ಲ ತರ್ಕವೇಕೆ? ನಮ್ಮ ವಸ್ತುವನ್ನು ನಮಗೆ ಹಿಂತಿರುಗಿಸಲಿ. ಶ್ರೀರಂಗಪಟ್ಟಣದಲ್ಲಿ ಅದನ್ನು ಹೇಗೆ ಇಡಬೇಕೆಂದು ನಾವು ನೋಡಿಕೊಳ್ಳುತ್ತೇವೆ.

ನಿರ್ವಾಹಕ:
ಹಿಂತಿರುಗಿಸುವ ವಿಷಯಕ್ಕೆ ಬೇರೆಯೇ ಎಳೆ ಇದೆ, ಅಲ್ಲಿ ಈಗಾಗಲೇ ಸಾಕಷ್ಟು ಕಾವೇರಿದೆ. ಇಲ್ಲಿ ಸಂರಕ್ಷಣೆಯ ಬಗ್ಗೆ ಮಾತ್ರ ಬರೆಯಿರಿ.

ಕೋಟೆಬಾಗಿಲು:
ಎಲ್ಲಿಡುವುದು ಎಂಬುದೂ ಸಂರಕ್ಷಣೆಯ ಪ್ರಶ್ನೆಯೇ ಎಂದು ದಾಖಲಿಸಿ ಸುಮ್ಮನಾಗುತ್ತೇನೆ. ಮೈಸೂರು ಸೀಮೆಯ ಹವೆಯಲ್ಲಿ ಹುಟ್ಟಿದ ಮರ ಮತ್ತು ಚರ್ಮಕ್ಕೆ ಲಂಡನ್ನಿನ ಚಳಿಗಾಲದ ಬಿಸಿ ಮಾಡಿದ ಒಣ ಕೋಣೆಗಳು ಹಿತವಾಗಿರಲಿಲ್ಲವೆಂಬುದನ್ನಾದರೂ ಒಪ್ಪಿಕೊಳ್ಳಿ.

ಪಿಯಾನೋಲಾ ಪ್ರಿಯ:
ಟಿಪ್ಪುವಿನ ಹುಲಿಯಿಂದ ಸ್ವಲ್ಪ ದೂರ ಸರಿದಂತೆ ಕಂಡರೂ ಪ್ರಶ್ನೆ ಅದೇ ಆದ್ದರಿಂದ ನನ್ನ ಕ್ಷೇತ್ರದ ಸಂಗತಿಯೊಂದನ್ನು ಹೇಳುತ್ತೇನೆ. ತೂತು ಹೊಡೆದ ಕಾಗದದ ಸುರುಳಿಯಿಂದ ತಾನಾಗಿ ನುಡಿಯುವ ಪಿಯಾನೋಗಳಲ್ಲಿ ಜರ್ಮನಿಯ ಫ್ರೈಬುರ್ಗ್‌ನ ವೆಲ್ಟೆ ಕಂಪನಿಯ 'ವೆಲ್ಟೆ ಮಿನ್ಯೋನ್' ಬಹಳ ಪ್ರಸಿದ್ಧವಾದುದು. ಅದು 1904ರಲ್ಲಿ ಬಂದದ್ದು; ವಾದಕ ಒತ್ತಿದ ಸ್ವರವನ್ನಷ್ಟೇ ಅಲ್ಲದೆ ಮೃದು, ಗಟ್ಟಿ ಎಂಬ ಭೇದವನ್ನೂ ಮರಳಿಸುತ್ತಿತ್ತು. ಸಂಗೀತ ರಚನಕಾರ ಗುಸ್ತಾವ್ ಮಾಹ್ಲರ್ 1905ರಲ್ಲಿ ತನ್ನ ಕೃತಿಗಳನ್ನು ಈ ಯಂತ್ರಕ್ಕಾಗಿ ನುಡಿಸಿದ್ದಾನೆ. ಅವನ ವಾದನವಾಗಿ ನಮಗೆ ಉಳಿದಿರುವುದು ಆ ಸುರುಳಿಗಳೇ.

ಈಗ ನೋಡಿ, ಆ ಸುರುಳಿಯನ್ನು ಇಂದು ಕೇಳಬೇಕಾದರೆ ಯಂತ್ರ ನಡೆಯಬೇಕು. ಯಂತ್ರದೊಳಗಿನ ರಬ್ಬರ್ ನಳಿಕೆಗಳು ಕಲ್ಲಾಗಿರುತ್ತವೆ, ಪುಟ್ಟ ತಿದಿಗಳ ಬಟ್ಟೆ ಪುಡಿಯಾಗಿರುತ್ತದೆ. ಅವನ್ನು ಬದಲಿಸದೆ ಒಂದು ಸ್ವರವೂ ಹೊರಡುವುದಿಲ್ಲ. ಬದಲಿಸಿದ ಮೇಲೆ ಯಾವ ಸ್ವರಕ್ಕೆ ಎಷ್ಟು ಒತ್ತಡ ಎಂಬುದನ್ನು ಹೊಂದಿಸುವವನು ದುರಸ್ತಿಗಾರ. ಹಾಗಾಗಿ ನಾವು ಕೇಳುವ ಮಾಹ್ಲರನಲ್ಲಿ ದುರಸ್ತಿಗಾರನ ಕಿವಿಯೂ ಒಂದು ಪಾಲು ಇದ್ದೇ ಇರುತ್ತದೆ. ಒಂದೇ ಸುರುಳಿ ಎರಡು ಯಂತ್ರಗಳಲ್ಲಿ ಎರಡು ಬಗೆಯಾಗಿ ಕೇಳಿಸುವುದಕ್ಕೆ ಇದೇ ಕಾರಣ. "ಮೂಲದ ದನಿ" ಎಂದು ಎದೆ ತಟ್ಟಿಕೊಂಡು ಹೇಳುವವರನ್ನು ಕಂಡರೆ ನನಗೆ ಅದರಿಂದಲೇ ಅನುಮಾನ.

ನನ್ನ ನಿಲುವು ಹೀಗಿದೆ: ಸುರುಳಿಯನ್ನು ಬೆಳಕಿನಿಂದ ಓದಿಸಿ ಗಣಕಯಂತ್ರಕ್ಕೆ ಇಳಿಸಿಕೊಳ್ಳಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಆ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡುತ್ತಿದೆ. ಹಾಗೆ ಮಾಡಿದರೆ ಕಾಗದ ಹರಿಯುವುದಿಲ್ಲ, ಸಂಗೀತವೂ ಉಳಿಯುತ್ತದೆ. ನುಡಿಸುವುದಕ್ಕೆ ಬೇರೆ ಯಂತ್ರವಿರಲಿ.

ಉರುಳೆಪೆಟ್ಟಿಗೆ:
ಪಿಯಾನೋಲಾ ಪ್ರಿಯ ಅವರೇ, ಕಾಗದದ ಸುರುಳಿಗೆ ಸಲ್ಲುವ ಮಾತು ಎಲ್ಲಕ್ಕೂ ಸಲ್ಲುವುದಿಲ್ಲ. ನಿಮ್ಮಲ್ಲಿ 1908ರಲ್ಲಿ ಅಮೆರಿಕದ ಬಫಲೋ ನಗರದಲ್ಲಿ ಅಲ್ಲಿನ ತಯಾರಕರು ಸೇರಿ ಹನ್ನೊಂದೂಕಾಲು ಅಂಗುಲ ಅಗಲದ ಸುರುಳಿಯೆಂದು ಒಪ್ಪಂದ ಮಾಡಿಕೊಂಡಿದ್ದರಿಂದ, ಸಾಮಾನ್ಯ ಸ್ವಯಂಚಾಲಿತ ಪಿಯಾನೋಗಳಲ್ಲಿ ಒಂದರ ಸುರುಳಿ ಇನ್ನೊಂದಕ್ಕೆ ಹೊಂದುತ್ತದೆ. ಸುರುಳಿ ಬೇರೆ, ಯಂತ್ರ ಬೇರೆ. ಆದರೆ ಆರ್ಗನ್ ಗಡಿಯಾರಗಳಲ್ಲಿ ಸಂಗೀತವಿರುವುದು ಮರದ ಉರುಳೆಗೆ ಬಡಿದ ಮೊಳೆಗಳಲ್ಲಿಯೇ. ಎಸ್ಟರ್‌ಹಾಜಿ ಎಂಬ ಹಂಗೇರಿಯ ಸಿರಿವಂತ ಮನೆತನದ ಅರಮನೆಯ ಗ್ರಂಥಪಾಲಕನಾಗಿದ್ದ ನೀಮೆಟ್ಸ್ ಎಂಬ ಕ್ರೈಸ್ತ ಸಂನ್ಯಾಸಿ 1792 ಮತ್ತು 1793ರಲ್ಲಿ ಮಾಡಿದ ಗಡಿಯಾರಗಳು ಸಂಗೀತ ರಚನಕಾರ ಹೈಡನ್‌ನ ಕೃತಿಗಳನ್ನು ನುಡಿಸುತ್ತವೆ. ಆ ಕಾಲದವರು ಗಮಕದಂತಹ ಅಲಂಕಾರಗಳನ್ನು ಎಲ್ಲಿ, ಎಷ್ಟು ಬೇಗ ನುಡಿಸುತ್ತಿದ್ದರು ಎಂಬುದಕ್ಕೆ ಅವು ಸಾಕ್ಷಿ, ಏಕೆಂದರೆ ನೀಮೆಟ್ಸ್ ಹೈಡನ್‌ನ ಆಶ್ರಯದಾತರ ಮನೆಯಲ್ಲಿಯೇ ಇದ್ದವನು. ಸ್ವರಲಿಪಿಯಲ್ಲಿ ಬರೆಯದೆ ಬಿಟ್ಟದ್ದನ್ನು ಮೊಳೆ ಬರೆದಿಟ್ಟಿದೆ.

ಆದರೂ ನಾನು "ದಿನಾ ನುಡಿಸಿ" ಎನ್ನುವುದಿಲ್ಲ. ಉರುಳೆಯ ಮೊಳೆಗಳು ಮೀಟುವ ಉಕ್ಕಿನ ಬಾಚಣಿಗೆಯಿರುವ ಸಂಗೀತಪೆಟ್ಟಿಗೆಗಳನ್ನು ಕೂಡಿಡುವ ನಮಗೆಲ್ಲ ಒಂದು ಭಯವಿದೆ. ವೇಗವನ್ನು ಹತೋಟಿಯಲ್ಲಿಡುವ ಗವರ್ನರಿನ ಪುಟ್ಟ ಅಚ್ಚು ಸವೆದು ಜಾರಿತೆಂದರೆ, ಕೀಲಿ ಕೊಟ್ಟು ಬಿಗಿದಿದ್ದ ಸ್ಪ್ರಿಂಗು ಒಮ್ಮೆಲೇ ಬಿಚ್ಚಿಕೊಂಡು ಉರುಳೆ ಭರ್ರನೆ ತಿರುಗಿ, ಕಣ್ಣುಮುಚ್ಚಿ ತೆರೆಯುವುದರೊಳಗೆ ಸಾವಿರಾರು ಮೊಳೆಗಳು ಬಾಗಿ, ಬಾಚಣಿಗೆಯ ಹಲ್ಲುಗಳು ಉದುರುತ್ತವೆ. ಇಂತಹ ಪೆಟ್ಟಿಗೆಯನ್ನು ಪರೀಕ್ಷಿಸದೆ ಕೀಲಿ ಕೊಡುವುದು ಅಪರಾಧ. ಕೀಲಿ ಕೊಟ್ಟೇ ಇಟ್ಟು ಮರೆಯುವುದೂ ಅಪರಾಧ.

ಹೊಸ ಸದಸ್ಯ:
ಟಿಪ್ಪುವಿನ ಹುಲಿಯಲ್ಲಿಯೂ ಇಂತಹ ಉರುಳೆಯಿದ್ದು, ಹಿಡಿ ತಿರುಗಿಸಿದರೆ ತಾನಾಗಿಯೇ ಒಂದು ರಾಗ ನುಡಿಯುತ್ತದೆ ಎಂದು ಎಲ್ಲಿಯೋ ಓದಿದ ನೆನಪು. ಹೌದೇ?

ಥೇಮ್ಸ್ ತೀರದ ಕನ್ನಡಿಗ:
ಅಲ್ಲ. ಮೊಳೆಯ ಉರುಳೆ ಅದರಲ್ಲಿಲ್ಲ. ಹಿಡಿಯಿಂದ ತಾನಾಗಿ ಬರುವುದು ನರಳಾಟ ಮತ್ತು ಗುರುಗುಟ್ಟುವಿಕೆ ಮಾತ್ರ. ರಾಗ ನುಡಿಸಬೇಕಾದರೆ ಕೈಯಿಂದಲೇ ಮನೆಗಳನ್ನು ಒತ್ತಬೇಕು. ಗೊಂದಲಕ್ಕೆ ಬಹುಶಃ ಕಾರಣವೆಂದರೆ, ಶ್ರೀರಂಗಪಟ್ಟಣ ಬಿದ್ದ ಕೂಡಲೇ ಅದರ ಜೊತೆಗೆ ಬರೆದು ಕಳಿಸಿದ ಟಿಪ್ಪಣಿಯಲ್ಲಿ ಹುಲಿಯ ಹೊಟ್ಟೆಯಲ್ಲಿ ಆರ್ಗನ್ನನ್ನು ಅನುಕರಿಸುವ 'ಬ್ಯಾರೆಲ್'ಗಳಿವೆ, ಶುದ್ಧ ಸ್ವರಗಳ ಮನೆಗಳ ಒಂದು ಸಾಲಿದೆ ಎಂದಿರುವುದು. ಬರೆದವರು ಕೊಳವೆಗಳನ್ನೇ ಹಾಗೆ ಕರೆದಿರಬೇಕು.

ತಿದಿಮಾಸ್ತರ:
ತಾನಾಗಿ ನುಡಿಯದಿದ್ದರೆ ಅದು ಯಾಂತ್ರಿಕ ವಾದ್ಯವೇ ಅಲ್ಲ, ಬೊಂಬೆಯೊಳಗಿನ ಹಾರ್ಮೋನಿಯಂ ಎಂದಾಯಿತು.

ಗಡಿಯಾರದಂಗಡಿ:
ಅರ್ಧ ಯಾಂತ್ರಿಕ. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ ಜಾಕೆ ದ್ರೋ ಮನೆತನದವರು 1768ರಿಂದ 1774ರ ನಡುವೆ ಮಾಡಿದ ಮೂರು ಬೊಂಬೆಗಳಿವೆ. ಅವುಗಳಲ್ಲಿ ವಾದಕಿಯ ಬೊಂಬೆ ನಿಜವಾಗಿಯೂ ತನ್ನ ಬೆರಳುಗಳಿಂದ ಆರ್ಗನ್ನಿನ ಮನೆಗಳನ್ನು ಒತ್ತುತ್ತದೆ. ಪೂರ್ಣ ಯಾಂತ್ರಿಕ ಎಂದರೆ ಅದು. ಮತ್ತು ಪ್ರಯೋಗಶಾಲೆಯವರು ಗಮನಿಸಲಿ: ಅಲ್ಲಿನ ಸಂಗ್ರಹಾಲಯ ಪ್ರತಿ ತಿಂಗಳ ಮೊದಲ ಭಾನುವಾರ ಆ ಮೂಲ ಬೊಂಬೆಗಳನ್ನೇ ನಡೆಸಿ ತೋರಿಸುತ್ತದೆ. ಹಾಲೆಂಡಿನ ಯುಟ್ರೆಕ್ಟ್‌ನ ಸ್ಪೇಲ್‌ಕ್ಲಾಕ್ ಸಂಗ್ರಹಾಲಯವಂತೂ ಹಳೆಯ ಚರ್ಚೊಂದರಲ್ಲಿ ಬೀದಿ ಆರ್ಗನ್‌ಗಳನ್ನು ದಿನವೂ ಮೊಳಗಿಸುತ್ತದೆ. ಅವರಿಗೆ ಸ್ವಂತ ದುರಸ್ತಿ ಶಾಲೆಯಿದೆ. ಅವರು ತಿಳಿಯದವರೇ?

ಪ್ರಯೋಗಶಾಲೆಯಿಂದ:
ತಿಳಿದವರು ಎಂಬುದಕ್ಕಾಗಿಯೇ ತಿಂಗಳಿಗೊಮ್ಮೆ ಮಾತ್ರ ನಡೆಸುತ್ತಾರೆ. ಅಲ್ಲಿ ಯಂತ್ರವನ್ನು ಬಲ್ಲವರೊಬ್ಬರು ಪಕ್ಕದಲ್ಲಿ ನಿಂತಿರುತ್ತಾರೆ. ನಾನು ಎಲ್ಲ ಬಗೆಯ ಬಳಕೆಯನ್ನೂ ನಿಷೇಧಿಸಬೇಕೆಂದು ಎಲ್ಲಿಯೂ ಹೇಳಿಲ್ಲ. ಸ್ಪೇಲ್‌ಕ್ಲಾಕಿನಲ್ಲಿರುವ ಬೀದಿ ಆರ್ಗನ್‌ಗಳು ದುಡಿಮೆಯ ವಾದ್ಯಗಳು. ಅವುಗಳ ಮಾಲೀಕರು ಕಾಲಕಾಲಕ್ಕೆ ಹೊಸ ರಾಗಗಳನ್ನು, ಹೊಸ ಬಣ್ಣವನ್ನು, ಹೊಸ ಕೊಳವೆಗಳನ್ನು ಸೇರಿಸುತ್ತಲೇ ಬಂದಿದ್ದರು. ಆ ವಾದ್ಯಕ್ಕೆ ಬದಲಾವಣೆಯೇ ಬದುಕು. ಹುಲಿಯ ಬದುಕು ಅಂತಹುದಲ್ಲ.

ವಾಹನ ಕೆತ್ತುವವರು:
ಹುಲಿಯ ಬದುಕು ಅಂತಹುದಲ್ಲ ಎಂದು ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ?

ನಮ್ಮ ಮನೆಯವರು ದೇವಸ್ಥಾನಗಳಿಗೆ ಮರದ ವಾಹನಗಳನ್ನು ಕೆತ್ತಿಕೊಡುವವರು. ಮಲೆ ಮಹದೇಶ್ವರನ ಹುಲಿವಾಹನವನ್ನು ನೋಡಿದವರಿಗೆ ಈ ಲಂಡನ್ನಿನ ಹುಲಿಯ ಚಿತ್ರವನ್ನು ತೋರಿಸಿದರೆ ಅದು ಯಾವ ಕುಲದ್ದೆಂದು ವಿವರಿಸಬೇಕಾಗಿಲ್ಲ. ಒಳಗೆ ಪೊಳ್ಳು, ಹೊರಗೆ ತೆಳುವಾದ ಕವಚ, ಮೇಲಿನ ಭಾಗವನ್ನು ಬಿಚ್ಚಿ ತೆಗೆಯಬಹುದು, ಮೈಮೇಲಿನ ಪಟ್ಟೆಗಳು ಚಿತ್ರಕಾರನ ಕೈಚಳಕದವು, ಕಾಡಿನ ಹುಲಿಯನ್ನು ನೋಡಿ ಅಳೆದವಲ್ಲ. ದಕ್ಷಿಣದ ದೇವಾಲಯ ಶಿಲ್ಪದ ಪರಂಪರೆಯ ಕೈ ಅದರಲ್ಲಿ ಕಾಣುತ್ತದೆಂದು ಪಂಡಿತರೂ ಬರೆದಿದ್ದಾರೆ. ಒಳಗಿನ ಯಂತ್ರಕ್ಕೆ ಟಿಪ್ಪುವಿನ ಬಳಿಯಿದ್ದ ಫ್ರೆಂಚ್ ಕುಶಲಕರ್ಮಿಗಳ ನೆರವು ಸಿಕ್ಕಿರಬಹುದು, ಆದರೆ ಮೂಲದ ಕೊಳವೆಗಳ ಲೋಹ ಇಲ್ಲಿನದೇ ಎಂದು ಪರೀಕ್ಷೆಯಿಂದ ಸೂಚನೆ ಸಿಕ್ಕಿದೆ.

ನಮ್ಮ ಪರಂಪರೆಯಲ್ಲಿ ಜಾತ್ರೆಗೆ ಮುಂಚೆ ವಾಹನಕ್ಕೆ ಹೊಸ ಬಣ್ಣ ಹಚ್ಚುತ್ತಾರೆ. ಕಾಲು ಮುರಿದರೆ ಅದೇ ಜಾತಿಯ ಮರದಿಂದ ಕಾಲು ಕೂಡಿಸುತ್ತಾರೆ. ಬಣ್ಣ ಮಾಸಿದ ವಾಹನದ ಮೇಲೆ ದೇವರನ್ನು ಕೂರಿಸುವುದು ಅಪಚಾರ. "ಇದು ಮೂಲ ಬಣ್ಣ, ಮುಟ್ಟಬೇಡಿ" ಎಂದರೆ ಊರವರು ನಗುತ್ತಾರೆ. ಟಿಪ್ಪುವಿನ ಕಾಲದ ಬಡಗಿಗೆ, ಚಿತ್ರಗಾರನಿಗೆ ತಮ್ಮ ಕೆಲಸವನ್ನು ಯಾರೂ ಮುಂದೆ ಮುಟ್ಟಬಾರದು ಎಂಬ ಕಲ್ಪನೆಯೇ ಇದ್ದಿರಲಾರದು. ಹಾಗಿರುವಾಗ ಮಾಡಿದವನ ಮನಸ್ಸಿಗೆ ಹತ್ತಿರವಾದ ಸಂರಕ್ಷಣೆ ಯಾವುದು?

ಪ್ರಯೋಗಶಾಲೆಯಿಂದ:
ಇದು ಈ ಎಳೆಯಲ್ಲಿ ಬಂದಿರುವ ಅತ್ಯಂತ ಗಟ್ಟಿಯಾದ ವಾದ. ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ, ಅರ್ಧ ಉತ್ತರವಿದೆ. ದೇವಸ್ಥಾನದ ವಾಹನ ಇನ್ನೂ ತನ್ನ ಕೆಲಸದಲ್ಲಿದೆ, ಅದರ ಮೇಲೆ ದೇವರು ಕೂರುತ್ತಾನೆ. ಹುಲಿಗೆ ಆ ಕೆಲಸ ಕೊಟ್ಟಿದ್ದ ಅರಮನೆಯೂ ಇಲ್ಲ, ಆ ಸಭೆಯೂ ಇಲ್ಲ. ಕೆಲಸ ಕಳೆದುಕೊಂಡ ವಸ್ತು ನಮ್ಮ ಪಾಲಿಗೆ ಸಾಕ್ಷಿ. ಸಾಕ್ಷಿಯ ಹೇಳಿಕೆಯನ್ನು ತಿದ್ದುವ ಅಧಿಕಾರ ನಮಗಿಲ್ಲ.

ವಾಹನ ಕೆತ್ತುವವರು:
ಆ ಹೇಳಿಕೆಯನ್ನು ಲಂಡನ್ನಿನವರು ಈಗಾಗಲೇ ಹಲವು ಸಲ ತಿದ್ದಿದ್ದಾರೆ ಎಂದು ಮೇಲೆಯೇ ಓದಿದೆವು. ಅವರು ತಿದ್ದಿದ್ದು ಇತಿಹಾಸ, ನಾವು ತಿದ್ದಿದರೆ ಅಪರಾಧ ಎಂಬುದು ಎಂತಹ ನ್ಯಾಯ?

ಮಲ್ಲೇಶ್ವರದ ಹಿರಿಯ:
ಅದಕ್ಕಾಗಿಯೇ ಅದನ್ನು 1799ರ ಸ್ಥಿತಿಗೆ ಮರಳಿಸಬೇಕು ಎಂದು ನಾನು ಹಿಂದಿನಿಂದಲೂ ಹೇಳುತ್ತ ಬಂದಿದ್ದೇನೆ. ಆಮೇಲೆ ಸೇರಿದ ಕೊಳವೆಗಳನ್ನೂ ಬಣ್ಣವನ್ನೂ ತೆಗೆದುಹಾಕಿ, ಮೂಲದಂತೆ ಮಾಡಿ, ಆಮೇಲೆ ಬೇಕಾದರೆ ಗಾಜಿನೊಳಗಿಡಿ.

ಪಿಯಾನೋಲಾ ಪ್ರಿಯ:
ಹಿರಿಯರೇ, ಮೂಲದಂತೆ ಎಂದರೆ ಯಾವುದರಂತೆ? ಮೂಲದ ಕೊಳವೆ ಇಲ್ಲದ ಜಾಗದಲ್ಲಿ ಎಷ್ಟು ಉದ್ದದ ಕೊಳವೆಯನ್ನು ಇಡುತ್ತೀರಿ? ಒಂದು ಅಂಗುಲ ಹೆಚ್ಚುಕಡಿಮೆಯಾದರೂ ಚಿಕ್ಕ ಕೊಳವೆಯ ಸ್ವರ ಬೇರೆಯಾಗುತ್ತದೆ. ಟಿಪ್ಪುವಿನ ಅರಮನೆಯಲ್ಲಿ ಅದನ್ನು ಯಾವ ಶ್ರುತಿಗೆ ಹೊಂದಿಸಿದ್ದರು ಎಂಬುದಕ್ಕೆ ಬರಹದ ಆಧಾರವೆಂದರೆ ಆ "ಶುದ್ಧ ಸ್ವರಗಳ ಸಾಲು" ಎಂಬ ಒಂದು ನುಡಿಗಟ್ಟು. ಅಷ್ಟನ್ನು ನಂಬಿ ಈಗಿರುವುದನ್ನು ಕಿತ್ತುಹಾಕಿದರೆ ಕೈಯಲ್ಲಿ ಉಳಿಯುವುದು 1799ರ ಹುಲಿಯಲ್ಲ, ನಮ್ಮ ಊಹೆಯ ಹುಲಿ.

ಹೆನ್ರಿ ವಿಲ್ಲಿಸ್ ಮನೆತನದ ಮೂರನೆಯ ತಲೆಮಾರಿನ ಆರ್ಗನ್ ತಯಾರಕ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ಪರಿಶೀಲಿಸಿ, ಆ ಮನೆಗಳು ಬೆರಳಿನಿಂದ ರಾಗ ನುಡಿಸಲು ಇರುವಂಥವಲ್ಲ, ಬೆರಳ ಗೆಣ್ಣುಗಳನ್ನು ಅವುಗಳ ಮೇಲೆ ಮೇಲಕ್ಕೂ ಕೆಳಕ್ಕೂ ಎಳೆದು ಚೀರಾಟದ ಸದ್ದು ಹೊರಡಿಸಲು ಇರುವಂಥವು ಎಂದು ಅಭಿಪ್ರಾಯಪಟ್ಟಿದ್ದ. ಅದು ನಿಜವಾದರೆ ಶ್ರುತಿಯ ಪ್ರಶ್ನೆಯೇ ಏಳುವುದಿಲ್ಲ.

ತಿದಿಮಾಸ್ತರ:
ಗೆಣ್ಣಿನಿಂದ ಎಳೆಯುವುದಕ್ಕಾದರೆ ಆ ಆರ್ಗನ್ನಿನಲ್ಲಿ ಎರಡು ಸಾಲು ಕೊಳವೆಗಳನ್ನು ಬೇರೆಬೇರೆಯಾಗಿ ತೆರೆದು ಮುಚ್ಚುವ ಏರ್ಪಾಡು ಯಾಕೆ ಬೇಕಿತ್ತು? ಕಿರುಚಾಟಕ್ಕೆ ಒಂದೇ ಸಾಲು ಧಾರಾಳವಾಯಿತು. ಎರಡು ಸಾಲು ಇಟ್ಟವನು ದನಿಯ ಬಣ್ಣದ ಬಗ್ಗೆ ಯೋಚಿಸಿದವನು. ಅಲ್ಲದೆ ಅದು ಸಿಕ್ಕಿದ್ದು ವಾದ್ಯಗಳ ಕೋಣೆಯಲ್ಲಿ. ವಿಲ್ಲಿಸ್ ದೊಡ್ಡ ಆರ್ಗನ್ ತಯಾರಕನೇ ಇರಬಹುದು, ಆದರೆ ನಮ್ಮವರು ಅದರ ಮೇಲೆ ಏನನ್ನು ನುಡಿಸಬಹುದಿತ್ತು ಎಂಬ ಯೋಚನೆ ಅವನಿಗೆ ಬಂದಂತಿಲ್ಲ.

ಥೇಮ್ಸ್ ತೀರದ ಕನ್ನಡಿಗ:
ತಿದಿಮಾಸ್ತರ ಅವರ ಈ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಆದರೆ ಗಮನಿಸಿ, ಈ ವಾದವನ್ನು ಇಂದು ನಾವು ಮಾಡಲು ಸಾಧ್ಯವಾಗಿರುವುದು ಆ ಎರಡು ಸಾಲುಗಳ ಏರ್ಪಾಡು ಇನ್ನೂ ಅಲ್ಲಿಯೇ ಉಳಿದಿರುವುದರಿಂದ.

ಗಡಿಯಾರದಂಗಡಿ:
ಹಾಗಾದರೆ ಪ್ರತಿಕೃತಿಯನ್ನು ಮಾಡಿ ಎನ್ನುತ್ತೇನೆ. ಮೂಲ ಅಲ್ಲಿ ಸುಮ್ಮನಿರಲಿ. ಮೂಗಿನಿಂದ ಬಾಲದವರೆಗೆ ಸುಮಾರು ಒಂದೂ ಮುಕ್ಕಾಲು ಮೀಟರು, ಅಂದರೆ ಒಂದು ಎತ್ತಿನಗಾಡಿಯಲ್ಲಿ ಹಿಡಿಸುವಷ್ಟು ದೊಡ್ಡದು. ಚನ್ನಪಟ್ಟಣದವರಿಗೆ ಹೇಳಿದರೆ ಮಾಡಿಕೊಡುವುದಿಲ್ಲವೇ?

ವಾಹನ ಕೆತ್ತುವವರು:
ಚನ್ನಪಟ್ಟಣದ್ದು ಚರಕಿ ಹಿಡಿದು ಕಡೆಯುವ ಕೆಲಸ, ಆಲೆ ಮರದ ಮೇಲೆ ಅರಗಿನ ಬಣ್ಣ. ಇದು ಉಳಿಯಿಂದ ಕೆತ್ತುವ ಕೆಲಸ. ಟಿಪ್ಪುವಿನ ಹೆಸರು ಬಂದ ಕೂಡಲೇ ಚನ್ನಪಟ್ಟಣ ಎನ್ನುವುದು ರೂಢಿಯಾಗಿಬಿಟ್ಟಿದೆ. ಸಾಗರ, ಸೊರಬದ ಗುಡಿಗಾರರನ್ನು ಕೇಳಿ, ವಾಹನ ಮಾಡುವವರನ್ನು ಕೇಳಿ.

ಮತ್ತೊಂದು ಮಾತು. ಪ್ರತಿಕೃತಿಯನ್ನು ಮರವಜ್ರದಿಂದಲೇ, ಅಂದರೆ ಬಡಗಿಗಳ ಹಳೆಯ ಪ್ರಾಣಿಜನ್ಯ ಅಂಟಿನಿಂದಲೇ, ಅಂಟಿಸಬೇಕು. ಬಿಳಿಯ ಕೃತಕ ಅಂಟು ಹಾಕಿದರೆ ಮುಂದೆ ಬಿಚ್ಚುವಾಗ ಮರ ಸೀಳುತ್ತದೆ. ಮರವಜ್ರ ಬಿಸಿನೀರಿನ ಹಬೆಗೆ ಬಿಡುತ್ತದೆ.

ಪಿಯಾನೋಲಾ ಪ್ರಿಯ:
ಅಂಟಿನ ವಿಷಯಕ್ಕೆ ನೂರಕ್ಕೆ ನೂರು ಒಪ್ಪಿಗೆ. ಕೆಲವು ದಶಕಗಳ ಹಿಂದೆ ಕೃತಕ ಅಂಟಿನಿಂದ "ಶಾಶ್ವತವಾಗಿ" ದುರಸ್ತಿ ಮಾಡಿದ ಸ್ವಯಂಚಾಲಿತ ಪಿಯಾನೋಗಳನ್ನು ಬಿಚ್ಚುವುದು ಇಂದಿನ ದುರಸ್ತಿಗಾರರಿಗೆ ನರಕ. ಹಾಗೆಯೇ ಪ್ರದರ್ಶನದ ಕಪಾಟನ್ನು ಓಕ್ ಮರದಿಂದ ಮಾಡಿಸಬೇಡಿ. ಆ ಮರ ಬಿಡುವ ಅಸಿಟಿಕ್ ಆಮ್ಲದ ಆವಿಯಿಂದ ಯುರೋಪಿನ ಚರ್ಚುಗಳಲ್ಲಿ ಸೀಸದ ಆರ್ಗನ್ ಕೊಳವೆಗಳು ಬೆಳ್ಳಗೆ ಪುಡಿಯಾಗಿವೆ. ಗಾಜಿನ ಪೆಟ್ಟಿಗೆಯೆಂದರೆ ಸುರಕ್ಷಿತ ಎಂಬ ನಂಬಿಕೆಯೂ ಪರೀಕ್ಷೆಗೆ ಒಳಪಡಬೇಕು.

ಮಲ್ಲೇಶ್ವರದ ಹಿರಿಯ:
ಪ್ರತಿಕೃತಿಯ ದನಿ ಪ್ರತಿಕೃತಿಯ ದನಿಯೇ. ಸಂಗ್ರಹಾಲಯದವರೇ ವಿಡಿಯೊದಲ್ಲಿ ಮೂಲದ ದನಿಯನ್ನು ಕೇಳಿಸಿದ್ದಾರೆ. ಅದನ್ನು ಕೇಳಿದವರಿಗೆ ಇನ್ನೊಂದು ಗಂಟಲಿನಿಂದ ಬಂದದ್ದು ರುಚಿಸುವುದಿಲ್ಲ.

ಉರುಳೆಪೆಟ್ಟಿಗೆ:
ಆ ಗಂಟಲಿನಲ್ಲಿಯೇ ಎಷ್ಟು ಭಾಗ ಮೂಲದ್ದೆಂಬ ಪ್ರಶ್ನೆ ಮೇಲೆ ಬಂತಲ್ಲ, ಹಿರಿಯರೇ. ಇಷ್ಟು ಹೊತ್ತಿನ ಮಾತಿನ ನಂತರ ನನಗೆ ಅನಿಸುತ್ತಿರುವುದು, ದನಿಯನ್ನು ಉಳಿಸುವುದು ಮತ್ತು ವಸ್ತುವನ್ನು ಉಳಿಸುವುದು ಈ ಹುಲಿಯ ಮಟ್ಟಿಗೆ ಎರಡು ಬೇರೆ ಕೆಲಸಗಳು. ವಸ್ತು ಅಲ್ಲಿದೆ. ದನಿಯನ್ನು ಹೊಸದಾಗಿ ಕಟ್ಟಬೇಕು, ಮತ್ತು ಕಟ್ಟಿದ್ದು ಹೊಸದೆಂದು ಮರೆಮಾಚದೆ ಹೇಳಬೇಕು. ಅಂತಹ ಪ್ರತಿಕೃತಿ ಶ್ರೀರಂಗಪಟ್ಟಣದಲ್ಲಿಯೇ ಇರಲಿ. ಮಕ್ಕಳು ಹಿಡಿ ತಿರುಗಿಸಲಿ, ಮುರಿಯಲಿ, ನಮ್ಮವರೇ ರಿಪೇರಿ ಮಾಡಲಿ. ಗಡಿಯಾರದಂಗಡಿಯವರು ಕೇಳಿದ ಕೆಲಸವೂ ಅದರಿಂದ ಹುಟ್ಟುತ್ತದೆ.

ಕೋಟೆಬಾಗಿಲು:
ನಮಗೆ ನಕಲು, ಅವರಿಗೆ ಅಸಲು. ಒಳ್ಳೆಯ ಹಂಚಿಕೆ.

ಪ್ರಯೋಗಶಾಲೆಯಿಂದ:
ಉರುಳೆಪೆಟ್ಟಿಗೆಯವರ ಸಲಹೆಗೆ ನನ್ನ ವಿರೋಧವಿಲ್ಲ, ಆದರೆ ಮೊದಲ ಹೆಜ್ಜೆ ಕೆತ್ತನೆಯಲ್ಲ. ಪ್ರತಿ ಕೊಳವೆಯ ಉದ್ದ, ವ್ಯಾಸ, ಬಾಯಿಯ ಅಗಲ, ಲೋಹ, ಅದು ಮೂಲದ್ದೋ ಬದಲಿಯೋ ಎಂಬ ಪಟ್ಟಿ ಕೈಗೆ ಬರಬೇಕು. ಮೂಲದವೆಂದು ಖಚಿತವಾದ ಕೊಳವೆಗಳಿಂದ ಸ್ವರಗಳ ಅಂತರವನ್ನು ಲೆಕ್ಕ ಹಾಕಿದರೆ, ಆಗ ಶ್ರುತಿಯ ಬಗ್ಗೆ ವಿಲ್ಲಿಸ್ ಸರಿಯೋ ತಿದಿಮಾಸ್ತರರು ಸರಿಯೋ ಎಂದು ಮಾತನಾಡಬಹುದು. ಅಂತಹ ಅಳತೆಗಳನ್ನು ಸಂಶೋಧನೆಗಾಗಿ ಕೇಳಿ ಸಂಗ್ರಹಾಲಯಕ್ಕೆ ಬರೆಯುವ ಪತ್ರದ ಕರಡನ್ನು ನಾನು ಸಿದ್ಧಪಡಿಸುತ್ತೇನೆ. ಥೇಮ್ಸ್ ತೀರದ ಕನ್ನಡಿಗರು ಅದನ್ನು ಒಮ್ಮೆ ನೋಡಿಕೊಡಬೇಕು.

ಥೇಮ್ಸ್ ತೀರದ ಕನ್ನಡಿಗ:
ಖಂಡಿತ. ಪತ್ರದಲ್ಲಿ ನರಳಾಟದ ಕೊಳವೆಯನ್ನೂ ಸೇರಿಸಿ. ಕೈ ಏರಿದಂತೆ ಅದರ ಸ್ವರ ಬದಲಾಗುವ ಬಗೆಯನ್ನು ಚಿತ್ರದಿಂದ ತಿಳಿಯಲಾಗದು.

ತಿದಿಮಾಸ್ತರ:
ತಿದಿಯ ಚರ್ಮ ಆಡಿನದೋ ಕುರಿಯದೋ ಎಂದೂ ಕೇಳಿ. ಪ್ರತಿಕೃತಿಯ ತಿದಿಯನ್ನು ನಾನು ಕಟ್ಟಿಕೊಡುತ್ತೇನೆ, ಆದರೆ ಅದನ್ನು ಗಾಜಿನೊಳಗಿಟ್ಟರೆ ನನ್ನ ಹೆಸರು ಹಾಕಬೇಡಿ.